ಪಕ್ಕದ ಅಂಗಡಿಯ ರೇಟು ಮತ್ತು ನಮ್ಮ ದಾರಿ

ಸಣ್ಣ ವ್ಯಾಪಾರ ಮಾಡುವವರು ನನ್ನ ಹತ್ತಿರ ಬಂದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. "ಸರ್, ಪಕ್ಕದ ಅಂಗಡಿಯವನು ಎರಡು ರೂಪಾಯಿ ಕಡಿಮೆಗೆ ಕೊಡ್ತಿದ್ದಾನೆ. ನಾನೂ ಇಳಿಸಲಾ?"

ಈ ಪ್ರಶ್ನೆ ನನಗೆ ಹೊಸದಲ್ಲ. ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೇ ಕೇಳಿದ್ದೆ. ತಿಪಟೂರಿನ ಕಡೆ ಒಂದು ಹಳ್ಳಿಯಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿ ಇತ್ತು. ಸುತ್ತ ಎಲ್ಲಾ ತೆಂಗಿನ ತೋಟ. ರೈತರ ಕೈಗೆ ದುಡ್ಡು ಬರುವುದು ಕೊಬ್ಬರಿ ಮಾರಿದಾಗ. ಅಲ್ಲಿವರೆಗೆ ಬೇಳೆ, ಬೆಲ್ಲ, ಸೋಪು, ಸೀಮೆಎಣ್ಣೆ ಎಲ್ಲಾ ಉದ್ರಿ. ಅಪ್ಪನ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ಇರುತ್ತಿತ್ತು. ಒಂದೊಂದು ಮನೆಗೆ ಒಂದೊಂದು ಪುಟ. ರೇಟು ಪೇಟೆಗಿಂತ ಸ್ವಲ್ಪ ಜಾಸ್ತಿಯೇ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಹೊಸ ಅಂಗಡಿ ಬಂತು. ನಗದು ವ್ಯಾಪಾರ ಮಾತ್ರ, ರೇಟು ಕಡಿಮೆ. ಅಪ್ಪ ಒಂದು ವಾರ ಯೋಚನೆ ಮಾಡಿ ತಾವೂ ರೇಟು ಇಳಿಸಿದರು. ಉದ್ರಿ ಮಾತ್ರ ಹಾಗೇ ಉಳಿಸಿಕೊಂಡರು. ನಾಲ್ಕು ವರ್ಷದಲ್ಲಿ ಅಂಗಡಿ ಮುಚ್ಚಿತು. ಇದು ಯಾಕೆ ಹಾಗಾಯಿತು ಅಂತ ನನಗೆ ಅರ್ಥವಾಗಿದ್ದು ಬಹಳ ವರ್ಷದ ನಂತರ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಒಂದು ದರ್ಶಿನಿಗೆ ಹೋಗೋಣ.

ಬೆಂಗಳೂರಿನಲ್ಲಿ ಇದ್ದವರಿಗೆ ದರ್ಶಿನಿ ಏನು ಅಂತ ಹೇಳಬೇಕಾಗಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಆಮೇಲೆ ಬೀದಿಗೊಂದು ದರ್ಶಿನಿ ಆಯಿತು. ನೀವು ಒಳಗೆ ಹೋಗುತ್ತೀರಿ. ಮೊದಲು ದುಡ್ಡು ಕೊಟ್ಟು ಟೋಕನ್ ತಗೊಳ್ಳುತ್ತೀರಿ. ಆ ಚೀಟಿಯನ್ನು ಕೌಂಟರಿನಲ್ಲಿ ಕೊಟ್ಟು ನಿಲ್ಲುತ್ತೀರಿ. ಎದುರಿಗೇ ಅಡುಗೆಮನೆ. ದೊಡ್ಡ ಕಾವಲಿಯ ಮೇಲೆ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಒಂದು ಸಲ ಗುಡಿಸಿ, ಸಾಲಾಗಿ ದೋಸೆ ಹುಯ್ಯುತ್ತಾರೆ. ಎಲ್ಲಾ ದೋಸೆ ಒಟ್ಟಿಗೇ ಏಳುತ್ತವೆ. ನಿಮ್ಮ ತಟ್ಟೆ ನೀವೇ ಎತ್ತಿಕೊಂಡು ಹೋಗಿ, ನಿಂತೇ ತಿನ್ನುವ ಎತ್ತರದ ಮೇಜಿನ ಹತ್ತಿರ ನಿಲ್ಲುತ್ತೀರಿ. ಹತ್ತು ನಿಮಿಷದಲ್ಲಿ ಕಾಫಿಯೂ ಮುಗಿದು ಹೊರಗೆ ಬಂದಿರುತ್ತೀರಿ.

ಈಗ ಇದನ್ನು ವ್ಯಾಪಾರದ ಕಣ್ಣಿನಿಂದ ನೋಡಿ. ಕುರ್ಚಿ ಇಲ್ಲ. ಹಾಗಾಗಿ ಚಿಕ್ಕ ಜಾಗ ಸಾಕು, ಬಾಡಿಗೆ ಕಡಿಮೆ. ಕುರ್ಚಿ ಇಲ್ಲದ್ದರಿಂದ ಯಾರೂ ಪೇಪರ್ ಓದುತ್ತಾ ಕೂರುವುದಿಲ್ಲ. ಒಬ್ಬರು ಹೋದ ಕೂಡಲೇ ಇನ್ನೊಬ್ಬರಿಗೆ ಜಾಗ. ದುಡ್ಡು ಮೊದಲೇ ಬಂದಿರುತ್ತದೆ, ಬಿಲ್ಲು ಬರೆಯುವವರು ಬೇಡ. ಸಪ್ಲೈಯರ್ ಬೇಡ. ಮಾಡುವ ತಿಂಡಿ ನಾಲ್ಕೈದು ಮಾತ್ರ, ಅದಕ್ಕೇ ಹಿಟ್ಟು ಉಳಿದು ಹುಳಿಯುವುದಿಲ್ಲ. ಜನ ಜಾಸ್ತಿ ಬರುವುದರಿಂದ ಚಟ್ನಿ ಯಾವಾಗಲೂ ಹೊಸದು. ಚಟ್ನಿ ಹೊಸದಾಗಿರುವುದರಿಂದ ಜನ ಮತ್ತೆ ಬರುತ್ತಾರೆ. ಒಂದಕ್ಕೊಂದು ಕೊಂಡಿ.

ಇಷ್ಟೆಲ್ಲಾ ಆದ ಮೇಲೆ, ಕೊನೆಗೆ, ಗೋಡೆಯ ಬೋರ್ಡಿನ ಮೇಲೆ ಒಂದು ಕಡಿಮೆ ರೇಟು ಬರುತ್ತದೆ. ಪಕ್ಕದ ಹೋಟೆಲಿನವರಿಗೆ ಕಾಣುವುದು ಆ ಬೋರ್ಡು ಮಾತ್ರ. ಅವರು ಕುರ್ಚಿ, ಸಪ್ಲೈಯರ್, ನಲವತ್ತು ಐಟಂ ಎಲ್ಲಾ ಇಟ್ಟುಕೊಂಡು ಬೋರ್ಡನ್ನು ಮಾತ್ರ ನಕಲು ಮಾಡಿದರೆ ಏನಾಗುತ್ತದೆ? ಒಂದೊಂದು ದೋಸೆ ಮಾರಿದಾಗಲೂ ಕೈಯಿಂದ ದುಡ್ಡು ಹೋಗುತ್ತದೆ.

ನಾನು ಸ್ಟ್ರಾಟಜಿ ಅಂತ ಕರೆಯುವುದು ಆ ಕೊಂಡಿಗಳನ್ನು. ಬೋರ್ಡನ್ನು ಬೆಳಗಾಗುವುದರೊಳಗೆ ಯಾರು ಬೇಕಾದರೂ ಬದಲಾಯಿಸಬಹುದು. ಕೊಂಡಿಗಳನ್ನು ಹಾಗೆ ಬದಲಾಯಿಸಲು ಆಗುವುದಿಲ್ಲ.

1980ರಲ್ಲಿ ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ ಎಂಬ ಪ್ರಾಧ್ಯಾಪಕರು ಪೈಪೋಟಿಯಲ್ಲಿ ಗೆಲ್ಲುವುದಕ್ಕೆ ಮುಖ್ಯವಾಗಿ ಮೂರು ದಾರಿ ಇವೆ ಅಂದರು. ಬಿಕಾಂ ಓದುತ್ತಿರುವವರು ಇಲ್ಲಿ ತುಂಬಾ ಜನ ಇದ್ದೀರಿ, ನಿಮ್ಮ ಪಠ್ಯದಲ್ಲಿ ಇದು ಬಂದೇ ಬರುತ್ತದೆ. ಒಂದು, ಎಲ್ಲರಿಗಿಂತ ಕಡಿಮೆ ಖರ್ಚಿನಲ್ಲಿ ಮಾಡುವುದು. ಎರಡು, ಬೇರೆಯವರ ಹತ್ತಿರ ಸಿಗದ ಏನನ್ನೋ ಕೊಡುವುದು, ಅದಕ್ಕೆ ಜನ ಸಂತೋಷದಿಂದ ಜಾಸ್ತಿ ದುಡ್ಡು ಕೊಡುವಂತೆ ಮಾಡುವುದು. ಮೂರು, ಇಡೀ ಮಾರುಕಟ್ಟೆ ಬಿಟ್ಟು ಒಂದು ಮೂಲೆಯನ್ನು ಹಿಡಿದುಕೊಂಡು ಆ ಮೂಲೆಗೆ ರಾಜನಾಗುವುದು. ಮೊದಲನೆಯದರಲ್ಲಿ ಒಂದು ಮಾತು ಗಮನಿಸಿ. "ಕಡಿಮೆ ಖರ್ಚು" ಅಂದಿದ್ದು, "ಕಡಿಮೆ ರೇಟು" ಅಂದಿಲ್ಲ. ಪರೀಕ್ಷೆಯಲ್ಲಿ ಹುಡುಗರು ಇಲ್ಲೇ ತಪ್ಪುತ್ತಾರೆ. ವ್ಯಾಪಾರದಲ್ಲಿ ದೊಡ್ಡವರೂ ಇಲ್ಲೇ ತಪ್ಪುತ್ತಾರೆ.

ದರ್ಶಿನಿ ಮೊದಲನೇ ದಾರಿ. ಎರಡನೇ ದಾರಿಗೆ ಅದೇ ಊರಿನಲ್ಲಿ, ಅದೇ ದೋಸೆಯಲ್ಲಿ ಉದಾಹರಣೆ ಇದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಿಂದ ಇದೆ. ಅಲ್ಲಿ ಹೊರಗೆ ನಿಂತು ಕಾಯಬೇಕು. ಒಳಗೆ ಹೋದರೆ ಗೋಡೆಯ ಮೇಲೆ ಕನ್ನಡದ ಹಿರಿಯರ ಚಿತ್ರಗಳು. ಪಂಚೆ ಉಟ್ಟ ಸಪ್ಲೈಯರ್ ಹತ್ತಾರು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಮೊಣಕೈವರೆಗೆ ತೋಳಿನ ಮೇಲೆ ಇಟ್ಟುಕೊಂಡು ಬರುತ್ತಾರೆ. ಒಂದೂ ಜಾರುವುದಿಲ್ಲ. ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಶುಕ್ರವಾರ ರಜೆ.

ದರ್ಶಿನಿಯ ಲೆಕ್ಕದಲ್ಲಿ ನೋಡಿದರೆ ಇದರಲ್ಲಿ ಅರ್ಧ ದಂಡದ ಖರ್ಚು. ಆದರೆ ಜನ ಬರುವುದೇ ಅದಕ್ಕೆ. ಮೊಮ್ಮಗನನ್ನು ಕರೆದುಕೊಂಡು ಬಂದು "ನಾನು ಕಾಲೇಜಿಗೆ ಹೋಗುವಾಗ ಇಲ್ಲೇ ಕೂತು ತಿಂತಿದ್ದೆ" ಅನ್ನುವ ತಾತನಿಗೆ ನಿಂತು ತಿನ್ನುವ ಮೇಜು ಕೊಟ್ಟರೆ ಅವರು ಬರುತ್ತಾರಾ? ಇಲ್ಲ ಅಲ್ವಾ. ಎರಡೂ ಹೋಟೆಲು ಗೆದ್ದಿವೆ. ದೋಸೆ ಒಂದೇ, ದಾರಿ ಬೇರೆ.

ಎರಡನೇ ದಾರಿಯ ದೊಡ್ಡ ಉದಾಹರಣೆ ವಾಚಿನದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ರಾಜ್ಯದಲ್ಲಿ ಇದು ಸಾವಿರಾರು ಮನೆಗಳ ಕಥೆ.

ಎಚ್‌ಎಂಟಿ 1953ರಲ್ಲಿ ಬೆಂಗಳೂರಿನಲ್ಲಿ ಮೆಷಿನ್ ಟೂಲ್ಸ್ ಮಾಡುವ ಸರ್ಕಾರಿ ಕಂಪನಿಯಾಗಿ ಶುರುವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ವಾಚು ಮಾಡಲು ಶುರು ಮಾಡಿತು. ಆಮೇಲೆ ತುಮಕೂರಿನಲ್ಲೂ ಫ್ಯಾಕ್ಟರಿ ಬಂತು. ನಿಮ್ಮ ಮನೆಯ ಬೀರುವಿನಲ್ಲಿ ಇವತ್ತಿಗೂ ತಾತನ ಒಂದು ಎಚ್‌ಎಂಟಿ ಜನತಾ ಇದ್ದರೆ ನನಗೆ ಆಶ್ಚರ್ಯ ಇಲ್ಲ. ದಿನಾ ಬೆಳಿಗ್ಗೆ ಕೀ ಕೊಡಬೇಕು. ಮದುವೆಯಲ್ಲಿ ಅಳಿಯನಿಗೆ ವಾಚು ಅಂದರೆ ಎಚ್‌ಎಂಟಿ. ಆ ಕೆಲಸಗಾರರ ಕೈಚಳಕ ಅಂಥದ್ದು, ನಲವತ್ತು ವರ್ಷದ ವಾಚು ಕೀ ಕೊಟ್ಟರೆ ಇವತ್ತೂ ಓಡುತ್ತದೆ.

1984ರಲ್ಲಿ ಟಾಟಾದವರು ತಮಿಳುನಾಡಿನ ಸರ್ಕಾರಿ ನಿಗಮದ ಜೊತೆ ಸೇರಿ ಟೈಟನ್ ಕಂಪನಿ ಮಾಡಿದರು. ಫ್ಯಾಕ್ಟರಿ ಹೊಸೂರಿನಲ್ಲಿ, ನಮ್ಮ ಗಡಿ ದಾಟಿದ ತಕ್ಷಣ. ಅವರು ಕ್ವಾರ್ಟ್ಜ್ ವಾಚನ್ನು, ಅಂದರೆ ಕೀ ಕೊಡದೇ ಬ್ಯಾಟರಿಯಿಂದ ಓಡುವ ವಾಚನ್ನು ಹಿಡಿದುಕೊಂಡರು. ಇಲ್ಲಿ ಒಂದು ವಿಷಯ ನೆನಪಿಡಿ, ಕ್ವಾರ್ಟ್ಜ್ ವಾಚನ್ನು ಎಚ್‌ಎಂಟಿ ಅವರಿಗಿಂತ ಮೊದಲೇ ಮಾಡಿತ್ತು. ತಂತ್ರಜ್ಞಾನ ಗೊತ್ತಿಲ್ಲದೆ ಎಚ್‌ಎಂಟಿ ಸೋತಿತು ಅನ್ನುವುದು ತಪ್ಪು.

ವ್ಯತ್ಯಾಸ ಬಂದಿದ್ದು ಪ್ರಶ್ನೆಯಲ್ಲಿ. ಎಚ್‌ಎಂಟಿಯ ಮುಂದೆ ಇದ್ದ ಪ್ರಶ್ನೆ, "ದೇಶದ ಜನರಿಗೆ ಸಮಯ ತೋರಿಸುವ ಗಟ್ಟಿ ವಾಚು ಎಷ್ಟು ಮಾಡಬಹುದು?" ಟೈಟನ್ ಕೇಳಿಕೊಂಡಿದ್ದು, "ಜನ ವಾಚು ಯಾಕೆ ಕೊಳ್ಳುತ್ತಾರೆ?" ಚೆನ್ನಾಗಿ ಕಾಣಬೇಕು ಅಂತ ಕೊಳ್ಳುತ್ತಾರೆ. ಉಡುಗೊರೆ ಕೊಡಲು ಕೊಳ್ಳುತ್ತಾರೆ. ಹಾಗಾದರೆ ವಾಚು ಒಡವೆ ಇದ್ದ ಹಾಗೆ. ಒಡವೆ ಅಂದ ಮೇಲೆ ಡಿಸೈನ್ ನೂರಾರು ಬೇಕು. ಮಾರುವ ಅಂಗಡಿಯಲ್ಲಿ ದೀಪ, ಗಾಜು, ಎಸಿ ಬೇಕು. ಜಾಹೀರಾತಿನಲ್ಲಿ ಮೊಜಾರ್ಟ್‌ನ ಸಂಗೀತ ಹಾಕಿದರು. ಹಳ್ಳಿಯಲ್ಲಿ ಮೊಜಾರ್ಟ್ ಯಾರು ಅಂತ ಗೊತ್ತಿಲ್ಲದವರಿಗೂ ಆ ರಾಗ ಬಾಯಿಗೆ ಬರುತ್ತಿತ್ತು. ನನಗೂ ಅದು ಮೊಜಾರ್ಟ್ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ.

ಇಲ್ಲೂ ಕೊಂಡಿಗಳನ್ನು ನೋಡಿ. ವಾಚು ಒಡವೆ ಅಂತ ಒಪ್ಪಿಕೊಂಡ ಕೂಡಲೇ ಡಿಸೈನ್, ಶೋರೂಮ್, ಜಾಹೀರಾತು, ಬೆಲೆ ಎಲ್ಲಾ ಒಂದೇ ಕಡೆ ತಿರುಗಿದವು. ಎಚ್‌ಎಂಟಿಗೆ ಹಾಗೆ ತಿರುಗುವುದು ಕಷ್ಟ ಇತ್ತು. ಅದರ ಫ್ಯಾಕ್ಟರಿಗಳು, ಯಂತ್ರಗಳು, ಕೆಲಸಗಾರರ ವಿದ್ಯೆ ಎಲ್ಲವೂ ಕೀ ಕೊಡುವ ವಾಚಿನ ಸುತ್ತ ಬೆಳೆದಿದ್ದವು. ಒಂದು ಕಾಲದಲ್ಲಿ ಅದನ್ನು ಗೆಲ್ಲಿಸಿದ ಕೊಂಡಿಗಳೇ ಆಮೇಲೆ ಕಟ್ಟಿಹಾಕಿದವು. 2016ರಲ್ಲಿ ವಾಚು ಘಟಕಗಳನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನ ಮಾಡಿತು. ತುಮಕೂರಿನಲ್ಲಿ ಆ ಫ್ಯಾಕ್ಟರಿಯಿಂದ ಮಕ್ಕಳನ್ನು ಓದಿಸಿದ ಎಷ್ಟೋ ಜನರನ್ನು ನಾನು ಬಲ್ಲೆ. ಅವರ ಕೆಲಸದಲ್ಲಿ ಕೊರತೆ ಇರಲಿಲ್ಲ. ದಾರಿ ಆರಿಸುವವರು ಸಮಯಕ್ಕೆ ಸರಿಯಾಗಿ ಆರಿಸದಿದ್ದರೆ, ಒಳ್ಳೆ ಕೆಲಸ ಮಾಡುವವರು ಬೆಲೆ ತೆರುತ್ತಾರೆ. ಈ ವಿಷಯವನ್ನು ನಾನು ಬರೀ ಪಾಠ ಅಂತ ನೋಡದೇ ಇರುವುದಕ್ಕೆ ಅದೇ ಕಾರಣ.

ಟೈಟನ್ ಆಮೇಲೆ ಅಗ್ಗದ ವಾಚನ್ನೂ ಮಾರಿತು. ಆದರೆ ಅದಕ್ಕೆ ಸೊನಾಟಾ ಅಂತ ಬೇರೆ ಹೆಸರು ಬೆಳೆಸಿತು. ಯಾಕೆ ಅಂತ ಕೇಳಿದರೆ, ಉತ್ತರಕ್ಕೆ ವಿಮಾನ ಹತ್ತಬೇಕು.

ಕ್ಯಾಪ್ಟನ್ ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. ಸೈನ್ಯ ಬಿಟ್ಟು ಬಂದು ಜಾವಗಲ್ ಹತ್ತಿರ ರೇಷ್ಮೆ ಬೆಳೆದವರು. 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದರು. ಹುಬ್ಬಳ್ಳಿಯಂಥ ಊರಿಗೆ ಸಣ್ಣ ವಿಮಾನ. ಪುಕ್ಕಟೆ ಊಟ ಇಲ್ಲ, ನೀರಿಗೂ ದುಡ್ಡು. ಒಂದು ರೂಪಾಯಿ ಟಿಕೆಟ್ ಅಂತಲೂ ಮಾರಿದರು. ಅಲ್ಲಿವರೆಗೆ ವಿಮಾನವನ್ನು ಕತ್ತೆತ್ತಿ ನೋಡಿದ್ದ ಜನ ಅದರೊಳಗೆ ಕೂತರು. ಈ ದೇಶಕ್ಕೆ ಅವರು ಮಾಡಿದ ಉಪಕಾರ ದೊಡ್ಡದು ಅಂತ ನಾನು ನಂಬಿದ್ದೇನೆ.

ಆದರೆ ರೇಟು ಇಳಿದಷ್ಟು ಖರ್ಚು ಇಳಿಯಲಿಲ್ಲ. ಸಣ್ಣ ಎಟಿಆರ್ ವಿಮಾನಗಳೂ ಇದ್ದವು, ದೊಡ್ಡ ಏರ್‌ಬಸ್‌ಗಳೂ ಇದ್ದವು. ಎರಡು ಥರದ ವಿಮಾನ ಅಂದರೆ ಎರಡು ಥರದ ಪೈಲಟ್, ಎರಡು ಥರದ ಮೆಕ್ಯಾನಿಕ್, ಎರಡು ಥರದ ಬಿಡಿಭಾಗ. ಕಂಪನಿ ನಷ್ಟದಲ್ಲಿತ್ತು. 2007ರಲ್ಲಿ ಕಿಂಗ್‌ಫಿಷರ್ ಅದರ ಪಾಲು ಕೊಂಡಿತು.

ಕಿಂಗ್‌ಫಿಷರ್ ಏರ್‌ಲೈನ್ಸ್ ಕೂಡ ಬೆಂಗಳೂರಿನದೇ, 2005ರದು. ಅದರ ದಾರಿ ಎರಡನೆಯದು. ಪ್ರತಿ ಸೀಟಿಗೂ ಟಿವಿ, ಒಳ್ಳೆ ಊಟ, ಅತಿಥಿಯ ಥರ ಉಪಚಾರ. ಇಂಥ ಕಂಪನಿ, ನೀರಿಗೂ ದುಡ್ಡು ತಗೊಳ್ಳುವ ಕಂಪನಿಯನ್ನು ಒಳಗೆ ಸೇರಿಸಿಕೊಂಡು ಅದಕ್ಕೆ ಕಿಂಗ್‌ಫಿಷರ್ ರೆಡ್ ಅಂತ ಹೆಸರಿಟ್ಟಿತು. ಈಗ ಪ್ರಯಾಣಿಕನ ಜಾಗದಲ್ಲಿ ನಿಂತು ಯೋಚಿಸಿ. ಅದೇ ಹೆಸರು, ಅದೇ ಊರಿಗೆ. ಕಡಿಮೆ ದುಡ್ಡಿಗೆ ಸಿಗುತ್ತದೆ ಅಂದ ಮೇಲೆ ಜಾಸ್ತಿ ಯಾಕೆ ಕೊಡಬೇಕು? ಅಗ್ಗದ ಟಿಕೆಟ್ ಕೊಂಡವನು ಕಿಂಗ್‌ಫಿಷರ್ ಉಪಚಾರ ನಿರೀಕ್ಷೆ ಮಾಡುತ್ತಾನೆ. ದುಬಾರಿ ಟಿಕೆಟ್ ಕೊಂಡವನಿಗೆ ತಾನು ಮೋಸ ಹೋದೆ ಅನ್ನಿಸುತ್ತದೆ. ಅಗ್ಗದ ವಾಚಿಗೆ ಸೊನಾಟಾ ಅಂತ ಬೇರೆ ಹೆಸರು ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇದೇ. 2011ರಲ್ಲಿ ರೆಡ್ ನಿಲ್ಲಿಸುತ್ತೇವೆ ಅಂದರು. 2012ರಲ್ಲಿ ಇಡೀ ಕಂಪನಿಯ ಹಾರಾಟವೇ ನಿಂತಿತು. ಸಾಲ, ಇಂಧನದ ಬೆಲೆ, ಬೇರೆ ಕಾರಣಗಳೂ ಇದ್ದವು. ಆದರೆ ಎರಡು ದೋಣಿಯಲ್ಲಿ ಕಾಲಿಟ್ಟಿದ್ದು ಕಾರಣಗಳಲ್ಲಿ ಒಂದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಅದೇ ಹೊತ್ತಿನಲ್ಲಿ ಇಂಡಿಗೋ ಬೆಳೆಯುತ್ತಿತ್ತು. 2005ರಲ್ಲಿ, ಒಂದು ವಿಮಾನವೂ ಹಾರುವ ಮೊದಲೇ, 100 ಏರ್‌ಬಸ್ ಎ320 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಒಟ್ಟಿಗೆ ನೂರು ಕೊಳ್ಳುವವನಿಗೆ ಸಿಗುವ ರೇಟೇ ಬೇರೆ, ನಮ್ಮ ಎಪಿಎಂಸಿಯಲ್ಲೂ ಹಾಗೇ ತಾನೆ? ಬಂದ ವಿಮಾನವನ್ನು ಲೀಸ್ ಕಂಪನಿಗೆ ಮಾರಿ, ಅದನ್ನೇ ಬಾಡಿಗೆಗೆ ತಗೊಂಡು ಓಡಿಸಿದರು. ಸುಮಾರು ಹತ್ತು ವರ್ಷ ಒಂದೇ ಜಾತಿಯ ವಿಮಾನ. ಎಲ್ಲಾ ಪೈಲಟ್‌ಗಳೂ ಎಲ್ಲಾ ವಿಮಾನ ಓಡಿಸಬಲ್ಲರು. ಇಳಿದ ಅರ್ಧ ಗಂಟೆಯಲ್ಲಿ ಮತ್ತೆ ಹಾರಬೇಕು, ಯಾಕೆಂದರೆ ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ. ಊಟ ಬೇಕಾದರೆ ಬಿಸಿನೀರು ಹಾಕಿದರೆ ಆಗುವ ಕಪ್ ಉಪ್ಪಿಟ್ಟು. ಇದನ್ನು ನೋಡಿದಾಗಲೆಲ್ಲಾ ನನಗೆ ದರ್ಶಿನಿ ನೆನಪಾಗುತ್ತದೆ. ನಿಂತು ತಿನ್ನುವ ಮೇಜೇ ಆಕಾಶದಲ್ಲಿ.

ಮೂರನೇ ದಾರಿ, ಮೂಲೆ ಹಿಡಿಯುವುದು. ಇಲ್ಲಿರುವ ಹೆಚ್ಚಿನವರಿಗೆ ಬೇಕಾಗಿರುವುದು ಇದೇ. ನೀವು ಟಾಟಾ ಅಲ್ಲ, ನೂರು ವಿಮಾನ ಕೊಳ್ಳುವುದಿಲ್ಲ.

ನಮ್ಮ ಕರಾವಳಿಯ ರಘುನಂದನ್ ಕಾಮತ್ ಅವರದು ಹಣ್ಣು ಮಾರುವವರ ಮನೆ. 1984ರಲ್ಲಿ ಮುಂಬೈಯ ಜುಹುನಲ್ಲಿ ಐಸ್‌ಕ್ರೀಮ್ ಅಂಗಡಿ ಇಟ್ಟರು, ನ್ಯಾಚುರಲ್ಸ್ ಅಂತ. ಶುರುವಿನಲ್ಲಿ ಪಾವ್ ಭಾಜಿಯನ್ನೂ ಮಾರುತ್ತಿದ್ದರು. ಬರೀ ಐಸ್‌ಕ್ರೀಮ್ ತಿನ್ನಲು ಯಾರು ಬರುತ್ತಾರೆ ಅನ್ನುವ ಹೆದರಿಕೆ. ಖಾರದ ಭಾಜಿ ತಿಂದವರು ತಣ್ಣಗೆ ಏನಾದರೂ ಕೇಳುತ್ತಾರೆ ಅನ್ನುವ ಲೆಕ್ಕ. ಆಮೇಲೆ ಏನು ಮಾಡಿದರು ಗೊತ್ತಾ? ಜನ ಬರುವುದಕ್ಕೆ ಕಾರಣವಾಗಿದ್ದ ಆ ಪಾವ್ ಭಾಜಿಯನ್ನೇ ನಿಲ್ಲಿಸಿದರು. ಉಳಿದಿದ್ದು ಹಣ್ಣಿನ ಐಸ್‌ಕ್ರೀಮ್. ಸೀತಾಫಲ, ಹಲಸು, ಎಳನೀರು. ದೊಡ್ಡ ಕಂಪನಿಗಳಿಗೆ ಎಳನೀರಿನ ಗಂಜಿ ಹೆರೆದು, ಸೀತಾಫಲದ ಬೀಜ ತೆಗೆದು ಐಸ್‌ಕ್ರೀಮ್ ಮಾಡುವುದು ತಲೆನೋವು. ಎಸೆನ್ಸ್ ಹಾಕುವುದು ಸುಲಭ. ಆ ತಲೆನೋವೇ ಇವರಿಗೆ ಬೇಲಿಯಾಯಿತು.

ಬರುತ್ತಿರುವ ಗಿರಾಕಿಯನ್ನು ಬಿಡುವುದು ಎಷ್ಟು ಕಷ್ಟ ಅಂತ ಅಂಗಡಿ ಇಟ್ಟವರಿಗೆ ಗೊತ್ತು. ಸಂಜೆ ಪಾವ್ ಭಾಜಿ ಕೇಳಿಕೊಂಡು ಬಂದವರನ್ನು "ಇಲ್ಲ" ಅಂತ ವಾಪಸ್ ಕಳಿಸಬೇಕು. ಗಲ್ಲಾಪೆಟ್ಟಿಗೆ ಸ್ವಲ್ಪ ದಿನ ಖಾಲಿ ಕಾಣುತ್ತದೆ. ಸುಮ್ನೆ ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ.

ಎರಡನ್ನೂ ಮಾಡಬಾರದಾ, ಅಗ್ಗವೂ ಚೆನ್ನಾಗಿಯೂ ಇರಬಾರದಾ ಅಂತ ಕೇಳುತ್ತೀರಿ. ಮಾಡಿದವರು ಇದ್ದಾರೆ. ಟೊಯೊಟಾ ಮಾಡಿತು. ತಪ್ಪು ಮಾಡಿ ಆಮೇಲೆ ಸರಿಪಡಿಸುವ ಖರ್ಚನ್ನು ತೆಗೆದುಹಾಕಿದರೆ ಗುಣಮಟ್ಟ ಏರುತ್ತದೆ, ಖರ್ಚೂ ಇಳಿಯುತ್ತದೆ ಅಂತ ತೋರಿಸಿತು. ಅದಕ್ಕೆ ಅವರಿಗೆ ದಶಕಗಳು ಬೇಕಾದವು. ಮುಂದಿನ ತಿಂಗಳ ಬಾಡಿಗೆ ಕಟ್ಟಬೇಕಾದವರಿಗೆ ನಾನು ಆ ಸಲಹೆ ಕೊಡುವುದಿಲ್ಲ.

ಈಗ ನಮ್ಮಪ್ಪನ ಅಂಗಡಿಗೆ ವಾಪಸ್ ಬರುತ್ತೇನೆ. ಅಪ್ಪ ಮಾರುತ್ತಿದ್ದುದು ಬೇಳೆ ಬೆಲ್ಲ ಅಂತ ಅವರೇ ಅಂದುಕೊಂಡಿದ್ದರು. ನಿಜವಾಗಿ ಅವರು ಮಾರುತ್ತಿದ್ದುದು ಕಾಯುವಿಕೆಯನ್ನು. ಕೊಬ್ಬರಿ ಮಾರುವವರೆಗೆ ಕಾಯುತ್ತಿದ್ದರು. ಆ ಜಾಸ್ತಿ ರೇಟು ಅದರ ಬೆಲೆ. ಹೊಸ ಅಂಗಡಿಯವರಿಗೆ ಉದ್ರಿ ಇರಲಿಲ್ಲ. ಹಾಕಿದ ದುಡ್ಡು ವಾರದಲ್ಲಿ ವಾಪಸ್ ಬರುತ್ತಿತ್ತು, ಅದರಲ್ಲೇ ಮತ್ತೆ ಮಾಲು ತರುತ್ತಿದ್ದರು. ಅವರ ಕಡಿಮೆ ರೇಟಿನ ಹಿಂದೆ ಅಂಥ ಕೊಂಡಿ ಇತ್ತು. ಅಪ್ಪನ ದುಡ್ಡು ಆರೆಂಟು ತಿಂಗಳು ತೋಟಗಳಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಅಪ್ಪ ಅವರ ಬೋರ್ಡನ್ನು ನಕಲು ಮಾಡಿ, ತಮ್ಮ ಖರ್ಚನ್ನು ಹಾಗೇ ಇಟ್ಟುಕೊಂಡರು. ಆಮೇಲೆ ನಡೆದಿದ್ದು ಇನ್ನೂ ಬೇಸರದ್ದು. ಕೈಯಲ್ಲಿ ನಗದು ಇದ್ದಾಗ ಜನ ಬಸ್ ಸ್ಟ್ಯಾಂಡ್ ಅಂಗಡಿಗೆ ಹೋದರು. ಇಲ್ಲದಾಗ ನಮ್ಮಲ್ಲಿಗೆ ಬಂದರು.

ಹಾಗಾದರೆ ನಿಮ್ಮ ತಂದೆ ಏನು ಮಾಡಬೇಕಿತ್ತು ಅಂತ ಈಗಷ್ಟೇ ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ನಾನು ಇದನ್ನು ಎಷ್ಟೋ ರಾತ್ರಿ ಯೋಚಿಸಿದ್ದೇನಮ್ಮ.

ರೇಟು ಇಳಿಸಬಾರದಿತ್ತು. ನಗದು ಗಿರಾಕಿಗಳನ್ನು ಹೊಸ ಅಂಗಡಿಗೆ ಬಿಟ್ಟುಕೊಡಬೇಕಿತ್ತು. ಅಂಗಡಿಯ ಸಾಮಾನಿನಲ್ಲಿ ಅರ್ಧ ತೆಗೆದುಹಾಕಿ, ತೋಟದವರಿಗೆ ವರ್ಷವಿಡೀ ಬೇಕಾಗುವುದನ್ನು ಇಡಬೇಕಿತ್ತು. ಹಿಂಡಿ, ಬೂಸಾ, ಗೋಣಿಚೀಲ, ಹಗ್ಗ, ಕಾಯಿ ಸುಲಿಯುವವರ ಕೂಲಿಗೆ ಬೇಕಾಗುವ ಕೈಗಡ. ಕೊಬ್ಬರಿ ಮಾರುಕಟ್ಟೆಗೆ ಹೋಗುವ ದಿನ ಲೆಕ್ಕ ಚುಕ್ತಾ ಅಂತ ಮೊದಲೇ ಮಾತಾಡಿಕೊಳ್ಳಬೇಕಿತ್ತು. ಯಾರ ತೋಟದಲ್ಲಿ ಎಷ್ಟು ಮರ, ಯಾರು ಯಾವಾಗ ಕಾಯಿ ಅಟ್ಟಕ್ಕೆ ಹಾಕುತ್ತಾರೆ, ಯಾರು ಮಾತಿಗೆ ತಪ್ಪುವುದಿಲ್ಲ, ಇದೆಲ್ಲಾ ಅಪ್ಪನಿಗೆ ಬಾಯಿಪಾಠ ಇತ್ತು. ಬಸ್ ಸ್ಟ್ಯಾಂಡ್ ಅಂಗಡಿಯವರಿಗೆ ಅದು ಹತ್ತು ವರ್ಷ ಕಳೆದರೂ ಬರುತ್ತಿರಲಿಲ್ಲ.

ಆ ಕೆಂಪು ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಬಾರದ ಬಾಕಿಯ ಪುಸ್ತಕ ಅಂತ ಅಮ್ಮ ಅದನ್ನು ಒಲೆಗೆ ಹಾಕಲು ಹೊರಟಿದ್ದರು. ನಾನು ಎತ್ತಿಟ್ಟುಕೊಂಡೆ. ಮೊನ್ನೆ ತೆಗೆದು ಎಣಿಸಿದೆ. ನೂರಾ ಹನ್ನೆರಡು ಮನೆಗಳ ಪುಟ ಇದೆ. ಅದರಲ್ಲಿ ಅಪ್ಪನಿಗೆ ಪೂರ್ತಿ ಬಾಕಿ ಕೊಡದೇ ಹೋದವರು ಒಂಬತ್ತು ಮನೆಯವರು.